ಹೈ-ಫ್ಲೋ ಫ್ಯುಯೆಲ್ ಪಂಪ್: 255 ಸಾಕಾ, 340 ಬೇಕಾ, 450 ಯಾರಿಗೆ?

ಕಲಬುರಗಿಯಲ್ಲಿ ಕಾರು ಮಾಡಿಫೈ ಮಾಡಿಸುವ ಹುಡುಗರಿಗೆ ಎಕ್ಸಾಸ್ಟ್, ಇಂಟೇಕ್, ರೀಮ್ಯಾಪ್ (ಎಂಜಿನ್ ಕಂಪ್ಯೂಟರ್ ಟ್ಯೂನಿಂಗ್) ಮುಗಿದ ಮೇಲೆ ಮುಂದಿನ ಪ್ರಶ್ನೆ ಬರುವುದು ಫ್ಯುಯೆಲ್ ಪಂಪ್ ಬಗ್ಗೆಯೇ. "ಅಣ್ಣಾ, 255 ಹಾಕಿಸಲಾ, ಒಂದೇ ಸಲಕ್ಕೆ 450 ಹಾಕಿಸಿಬಿಡಲಾ?" ಈ ಅಂಕಿಗಳು ಪಂಪ್ ಗಂಟೆಗೆ ಎಷ್ಟು ಲೀಟರ್ ಪೆಟ್ರೋಲ್ ತಳ್ಳುತ್ತದೆ ಅಂತ ಹೇಳುವವು. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ರಸ್ತೆ ಮೇಲೆ ಓಡುವ ಮಾಡಿಫೈ ಪೆಟ್ರೋಲ್ ಕಾರುಗಳಲ್ಲಿ ಹೆಚ್ಚಿನವಕ್ಕೆ 255 ಧಾರಾಳ. ಕೆಲವಕ್ಕೆ ಅದೂ ಬೇಡ, ಹೊಸ ಕಂಪನಿ ಪಂಪ್ ಸಾಕು. ಉಳಿದ ದುಡ್ಡು ವೈರಿಂಗ್‌ಗೆ, ಒಳ್ಳೆ ಹೋಸ್‌ಗೆ, ಒಂದು ಪ್ರೆಶರ್ ಗೇಜ್‌ಗೆ ಹೋಗಲಿ.

ಇನ್ನೊಂದು ಮಾತು. ಪಂಪ್ ಬದಲಿಸಿದ್ದರಿಂದ ಒಂದು ಎಚ್‌ಪಿ ಕೂಡ ಜಾಸ್ತಿ ಆಗುವುದಿಲ್ಲ. ಎಂಜಿನ್‌ಗೆ ಎಷ್ಟು ಪೆಟ್ರೋಲ್ ಹೋಗಬೇಕು ಅಂತ ತೀರ್ಮಾನಿಸುವುದು ಇಸಿಯು (ಎಂಜಿನ್ ಕಂಪ್ಯೂಟರ್), ಹಾಕುವುದು ಇಂಜೆಕ್ಟರ್. ಕೇಳಿದಾಗ ಕೇಳಿದಷ್ಟು ಪೆಟ್ರೋಲನ್ನು, ಕೇಳಿದ ಒತ್ತಡದಲ್ಲಿ ತಲುಪಿಸುವುದಷ್ಟೇ ಪಂಪ್ ಕೆಲಸ. ಅದು ತಪ್ಪಿದರೆ ಮಿಕ್ಸ್ಚರ್ ಲೀನ್ ಆಗುತ್ತದೆ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ), ಟರ್ಬೊ ಗಾಡಿಯಲ್ಲಿ ಫುಲ್ ಬೂಸ್ಟ್‌ನಲ್ಲಿ (ಟರ್ಬೊ ತಳ್ಳುವ ಗಾಳಿಯ ಒತ್ತಡ) ಲೀನ್ ಆದರೆ ಪಿಸ್ಟನ್ ಹೋಗುತ್ತದೆ. ಹಾಗಾಗಿ ಈ ಪಂಪನ್ನು ಎಂಜಿನ್ ಉಳಿಸಿಕೊಳ್ಳಲು ಹಾಕಿಸುವುದು, ಸ್ಪೀಡ್‌ಗೆ ಅಲ್ಲ.

ಮೊದಲು ಲೆಕ್ಕ

ಪೇಪರ್, ಪೆನ್ನು ತಗೊಳ್ಳಿ. ಟರ್ಬೊ ಪೆಟ್ರೋಲ್ ಎಂಜಿನ್ ಫುಲ್ ಲೋಡ್‌ನಲ್ಲಿ ಒಂದು ಎಚ್‌ಪಿಗೆ ಗಂಟೆಗೆ ಸುಮಾರು 270 ಗ್ರಾಂ ಪೆಟ್ರೋಲ್ ಸುಡುತ್ತದೆ. ಲೀಟರ್‌ನಲ್ಲಿ ಹೇಳಿದರೆ 0.37ರ ಹತ್ತಿರ. ಟರ್ಬೊ ಇಲ್ಲದ ಎಂಜಿನ್‌ಗೆ 0.3 ಅಂತ ಹಿಡಿಯಿರಿ. 200 ಎಚ್‌ಪಿ ಟರ್ಬೊ ಗಾಡಿ ಅಂದರೆ 200ನ್ನು 0.37ರಿಂದ ಗುಣಿಸಿ, 74 ಲೀಟರ್. ಈಗ ನಮ್ಮ ಬಂಕ್‌ಗಳಲ್ಲಿ ಸಿಗುವುದು ಇ20. ಅದರ ಮಾರಾಟ ಶುರುವಾಗಿದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ. ಎಥನಾಲ್ ಬೆರೆತ ಪೆಟ್ರೋಲ್ ಅಷ್ಟೇ ಗಾಳಿಗೆ ಸ್ವಲ್ಪ ಜಾಸ್ತಿ ಬೇಕಾಗುತ್ತದೆ. ಶುದ್ಧ ಪೆಟ್ರೋಲ್‌ಗೆ ಹೋಲಿಸಿದರೆ ಇ20ಗೆ 7-8% ಹೆಚ್ಚು ಅಂತ ಇಟ್ಟುಕೊಳ್ಳಿ. 74 ಹೋಗಿ 80 ಆಯಿತು. ಅದರ ಮೇಲೆ 20% ಮಾರ್ಜಿನ್ ಸೇರಿಸಿದರೆ 96 ಲೀಟರ್.

ಗಂಟೆಗೆ 96 ಲೀಟರ್! 450 ಲೀಟರ್ ಪಂಪ್ ಬೇಕು ಅಂತ ಕುಳಿತವರು ಒಮ್ಮೆ ಈ ಅಂಕಿ ನೋಡಬೇಕು. 300 ಎಚ್‌ಪಿಗೆ ಇದೇ ಲೆಕ್ಕ ಹಾಕಿದರೆ 144 ಬರುತ್ತದೆ, 400ಕ್ಕೆ 192. ಗಮನಿಸಿ, ಇದು ಎಂಜಿನ್ ಎಚ್‌ಪಿ. ಡೈನೊದಲ್ಲಿ (ಗಾಡಿಯ ಶಕ್ತಿ ಅಳೆಯುವ ಯಂತ್ರ) ಚಕ್ರದ ಬಳಿ ಸಿಗುವ ಅಂಕಿ ಅದಕ್ಕಿಂತ ಕಡಿಮೆ ಇರುತ್ತದೆ, ಅದನ್ನೇ ತಂದು ಲೆಕ್ಕಕ್ಕೆ ಹಾಕಬೇಡಿ.

ಹಾಗಾದರೆ ಗಾಡಿ ಜೊತೆ ಬಂದ ಸ್ಟಾಕ್ ಪಂಪೇ ಸಾಕಲ್ವಾ ಅಂತ ಕೇಳಬಹುದು. ಸಣ್ಣ ಕಾರುಗಳ ಸ್ಟಾಕ್ ಪಂಪ್ ಸಾಮಾನ್ಯವಾಗಿ ಗಂಟೆಗೆ 80ರಿಂದ 120 ಲೀಟರ್‌ನ ಆಸುಪಾಸು. ರೀಮ್ಯಾಪ್ ಮಾತ್ರ ಮಾಡಿಸಿ 120 ಎಚ್‌ಪಿಯನ್ನು 140ಕ್ಕೆ ತಂದಿರುವ ಗಾಡಿಗೆ ಅದು ಸಾಕು, ಪಂಪ್ ಆರೋಗ್ಯವಾಗಿದ್ದರೆ. ತೊಂದರೆ ಬರುವುದು ಒತ್ತಡ ಏರಿದಾಗ.

ಡಬ್ಬಿ ಮೇಲಿನ ಅಂಕಿ ಒಂದೇ ಒತ್ತಡದ್ದು

ಪಂಪ್ ಡಬ್ಬಿ ಮೇಲೆ 255 ಅಂತ ಬರೆದಿದ್ದರೆ ಅದು ಸುಮಾರು 3 ಬಾರ್ ಒತ್ತಡದಲ್ಲಿ, 13.5 ವೋಲ್ಟ್‌ನಲ್ಲಿ ಅಳೆದದ್ದು. ಒತ್ತಡ ಏರಿದಷ್ಟೂ ಪಂಪ್ ಕೊಡುವ ಲೀಟರ್ ಇಳಿಯುತ್ತದೆ. ಅದೇ 255 ಪಂಪ್ 5 ಬಾರ್ ಹತ್ತಿರ ಹೋದರೆ 200ರ ಆಸುಪಾಸಿಗೆ ಬರುತ್ತದೆ. ಉಳಿದ ಪೆಟ್ರೋಲ್ ಟ್ಯಾಂಕ್‌ಗೆ ವಾಪಸ್ ತರುವ ರಿಟರ್ನ್ ಲೈನ್ ಇರುವ, ಬೂಸ್ಟ್ ಏರಿದಷ್ಟು ಪೆಟ್ರೋಲ್ ಒತ್ತಡವನ್ನೂ ಏರಿಸುವ (ಬೂಸ್ಟ್ ರೆಫರೆನ್ಸ್) ರೆಗ್ಯುಲೇಟರ್ ಹಾಕಿದ ಗಾಡಿಯಲ್ಲಿ ಬೇಸ್ ಪ್ರೆಶರ್ 3 ಬಾರ್, ಬೂಸ್ಟ್ 1.2 ಬಾರ್ ಅಂದರೆ ಪಂಪ್ ತಳ್ಳಬೇಕಾದದ್ದು 4.2 ಬಾರ್‌ಗೆ. ನೀವು ನೋಡಬೇಕಾದ್ದು ಆ 4.2ರಲ್ಲಿ ಎಷ್ಟು ಲೀಟರ್ ಬರುತ್ತದೆ ಅಂತ. ಒಳ್ಳೆ ಕಂಪನಿಯವರು ಇದರ ಚಾರ್ಟ್ ಕೊಡುತ್ತಾರೆ. ಚಾರ್ಟ್ ಇಲ್ಲದ ಪಂಪ್ ಎಷ್ಟು ಅಗ್ಗ ಇದ್ದರೂ ನಾನಂತೂ ಮುಟ್ಟುವುದಿಲ್ಲ.

ಈಗಿನ ಎಷ್ಟೋ ಗಾಡಿಗಳು ರಿಟರ್ನ್‌ಲೆಸ್. ರೆಗ್ಯುಲೇಟರ್ ಟ್ಯಾಂಕ್ ಒಳಗೇ ಇರುತ್ತದೆ, ಒತ್ತಡ 3.5 ಅಥವಾ 4 ಬಾರ್‌ಗೆ ಕಟ್ಟಿಟ್ಟಂತೆ. ಅದಕ್ಕೆ ಬೂಸ್ಟ್ ಗೊತ್ತಾಗುವುದಿಲ್ಲ. ರೈಲ್‌ನಲ್ಲಿ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪ್) 3.5, ಮ್ಯಾನಿಫೋಲ್ಡ್‌ನಲ್ಲಿ (ಎಂಜಿನ್‌ಗೆ ಗಾಳಿ ಹೋಗುವ ದಾರಿ) 1 ಬಾರ್ ಬೂಸ್ಟ್ ಅಂದರೆ ಇಂಜೆಕ್ಟರ್‌ಗೆ ನಿಜವಾಗಿ ಸಿಗುವುದು 2.5 ಮಾತ್ರ. ಅಲ್ಲಿ ಎಷ್ಟು ದೊಡ್ಡ ಪಂಪ್ ಹಾಕಿದರೂ ಈ ಅಂತರ ಬದಲಾಗುವುದಿಲ್ಲ. ಇಂಜೆಕ್ಟರ್ ದೊಡ್ಡದು ಮಾಡಬೇಕು, ಇಲ್ಲವೇ ರಿಟರ್ನ್ ಲೈನ್ ಹಾಕಿಸಿ ಹೊರಗಿನ ರೆಗ್ಯುಲೇಟರ್‌ಗೆ ಹೋಗಬೇಕು.

ನಿಮ್ಮ ಗಾಡಿ ಯಾವುದು?

ಇಲ್ಲಿ ತುಂಬ ಜನ ಎಡವುತ್ತಾರೆ. ಪೋಲೊ, ವೆಂಟೊ, ಸ್ಲಾವಿಯಾ, ವರ್ಟಸ್ ಟಿಎಸ್‌ಐ ಇರುವವರೇ, ಬೂಸ್ಟರ್‌ಜೆಟ್ ಬಲೆನೊ ಆರ್‌ಎಸ್ ಇರುವವರೇ, ಐ20 ಎನ್ ಲೈನ್ ಇರುವವರೇ: ನಿಮ್ಮದು ಡೈರೆಕ್ಟ್ ಇಂಜೆಕ್ಷನ್, ಪೆಟ್ರೋಲ್ ನೇರ ಸಿಲಿಂಡರ್ ಒಳಗೇ ಸಿಂಪಡಿಸುವ ಬಗೆ. ಟ್ಯಾಂಕ್ ಒಳಗಿನ ಪಂಪ್ ಕೆಲವೇ ಬಾರ್ ಒತ್ತಡ ಕೊಡುತ್ತದೆ. ಅಲ್ಲಿಂದ ಮುಂದೆ ಕ್ಯಾಮ್‌ಶಾಫ್ಟ್‌ನಿಂದ ತಿರುಗುವ ಹೈ ಪ್ರೆಶರ್ ಪಂಪ್ ಅದನ್ನು 150, 200 ಬಾರ್ ಮೇಲಕ್ಕೆ ಒಯ್ಯುತ್ತದೆ. ಬೇರೆ ಪಾರ್ಟ್ ಬದಲಿಸದೆ ಮಾಡುವ ಸ್ಟೇಜ್ 1 ರೀಮ್ಯಾಪ್‌ಗೆ ಎರಡನ್ನೂ ಮುಟ್ಟಬೇಕಾಗಿಲ್ಲ. ದೊಡ್ಡ ಟರ್ಬೊ ಹಾಕಿದಾಗ ಮೊದಲು ಸೋಲುವುದು ಸಾಮಾನ್ಯವಾಗಿ ಆ ಹೈ ಪ್ರೆಶರ್ ಪಂಪ್. ಲಾಗ್‌ನಲ್ಲಿ ರೈಲ್ ಪ್ರೆಶರ್ ಕೇಳಿದ್ದು ಎಷ್ಟು, ಸಿಕ್ಕಿದ್ದು ಎಷ್ಟು ಅಂತ ನೋಡಿ, ಎಲ್ಲಿ ಕೊರತೆ ಅಂತ ಅದೇ ಹೇಳುತ್ತದೆ. ಟಿಎಸ್‌ಐ ಥರದ ಗಾಡಿಗಳಲ್ಲಿ ಟ್ಯಾಂಕ್ ಪಂಪ್‌ಗೆ ಪ್ರತ್ಯೇಕ ಕಂಟ್ರೋಲ್ ಮಾಡ್ಯೂಲ್ ಬೇರೆ ಇರುತ್ತದೆ. ಸುಮ್ನೆ ದೊಡ್ಡ ಪಂಪ್ ತುರುಕಿದರೆ ಅದು ಎಳೆಯುವ ಕರೆಂಟ್ ತಾಳದೆ ಮಾಡ್ಯೂಲ್ ಸುಟ್ಟುಹೋಗಬಹುದು.

ಡೀಸೆಲ್ ಗಾಡಿಯವರಿಗೆ ಈ ಬರಹ ಅಲ್ಲ. ಕಾಮನ್ ರೈಲ್ ಲೋಕ ಬೇರೆ, ಪೆಟ್ರೋಲ್ ಪಂಪ್ ಅಲ್ಲಿಗೆ ಹೊಂದುವುದಿಲ್ಲ.

ಹೈ-ಫ್ಲೋ ಪಂಪ್ ನಿಜವಾಗಿ ಕೆಲಸಕ್ಕೆ ಬರುವುದು ಪೋರ್ಟ್ ಇಂಜೆಕ್ಷನ್ ಗಾಡಿಗಳಿಗೆ, ಅಂದರೆ ಸಿಲಿಂಡರ್‌ಗೆ ಮೊದಲೇ ಗಾಳಿಯ ದಾರಿಯಲ್ಲಿ ಪೆಟ್ರೋಲ್ ಸಿಂಪಡಿಸುವವಕ್ಕೆ. ಲಿನಿಯಾ ಟಿ-ಜೆಟ್, 145 ಬಿಎಚ್‌ಪಿಯ ಅಬಾರ್ತ್ ಪುಂಟೊ, ಟರ್ಬೊ ಕಿಟ್ ಹಾಕಿಸಿದ ಹಳೆ ಹೋಂಡಾ ಸಿಟಿ ವಿಟೆಕ್, ಎಸ್ಟೀಮ್, ಸ್ವಿಫ್ಟ್ ಇಂಥವು. ಮುಂದೆ ಹೇಳುವುದೆಲ್ಲ ಇವಕ್ಕೇ.

ಪಂಪ್‌ಗಳು, ಒಂದಕ್ಕೊಂದು ಹೋಲಿಸಿ

ಮೊದಲ ಆಯ್ಕೆ ಹೊಸ ಕಂಪನಿ ಪಂಪ್. ನಗಬೇಡಿ. ಹತ್ತು ವರ್ಷ ಓಡಿದ ಗಾಡಿಯ ಪಂಪ್, ಪಂಪ್ ಬಾಯಿಯ ಜಾಲಿಯಲ್ಲಿ ಕೆಸರು ತುಂಬಿಕೊಂಡು, ಮೊದಲಿನಷ್ಟು ಪೆಟ್ರೋಲ್ ಕೊಡುವುದಿಲ್ಲ. ರೀಮ್ಯಾಪ್ ಮಾತ್ರ ಮಾಡಿಸಿದವರು ಹೊಸ ಪಂಪ್, ಹೊಸ ಜಾಲಿ, ಹೊಸ ಫಿಲ್ಟರ್ ಹಾಕಿಸಿ ನೋಡಿ. ಎಷ್ಟೋ ಗಾಡಿಗಳ "ಪಂಪ್ ಸಾಲ್ತಿಲ್ಲ" ದೂರು ಅಲ್ಲಿಗೇ ಮುಗಿಯುತ್ತದೆ. ಕಲಬುರಗಿಯ ಅಂಗಡಿಯಲ್ಲೇ ಸಿಗುತ್ತದೆ, ವೈರಿಂಗ್ ಮುಟ್ಟಬೇಕಾಗಿಲ್ಲ, ರಾತ್ರಿ ಹುಮನಾಬಾದ್ ದಾಟಿ ಹೈದರಾಬಾದ್ ಕಡೆ ಹೋಗುವಾಗ ನಡುದಾರಿಯಲ್ಲಿ ಕೈಕೊಡುವ ಭಯವೂ ಕಡಿಮೆ.

ಎರಡನೆಯದು 255. ಇದರಲ್ಲಿ ಹೆಸರಾದದ್ದು ವಾಲ್ಬ್ರೊ ಜಿಎಸ್‌ಎಸ್ 342. ವಾಲ್ಬ್ರೊ ಪಂಪ್ ಈಗ ಟಿಐ ಆಟೋಮೋಟಿವ್ ಹೆಸರಲ್ಲಿ ಬರುತ್ತದೆ. 341 ಅಂತ ಒಂದು ಇದೆ, ಅದು ಸಾಮಾನ್ಯ ಒತ್ತಡದ್ದು. 342 ಹೈ ಪ್ರೆಶರ್‌ನದ್ದು. ಬೂಸ್ಟ್ ಇರುವ ಗಾಡಿಗೆ 342 ಕೇಳಿ ತಗೊಳ್ಳಿ. ಡಾಯ್ಚ್‌ವರ್ಕ್ಸ್ ಡಿಡಬ್ಲ್ಯು 200 ಕೂಡ 255 ಲೀಟರ್‌ನದ್ದೇ. ನನ್ನ ಕಿವಿಗೆ ಅದರ ಸದ್ದು ಕಡಿಮೆ; ವಾಲ್ಬ್ರೊ ಹಿಂದಿನ ಸೀಟಿನ ಕೆಳಗಿಂದ ಗುಂಯ್ ಅಂತಲೇ ಇರುತ್ತದೆ, ಎಸಿ ಹಾಕಿ ಸಿಗ್ನಲ್‌ನಲ್ಲಿ ನಿಂತಾಗ ಹಿಂದೆ ಕೂತ ಮನೆಯವರು "ಏನ್ರೀ ಅದು ಸದ್ದು?" ಅಂತ ಕೇಳದೇ ಇರುವುದಿಲ್ಲ. ಈ 255 ಪಂಪ್‌ಗಳು 39 ಮಿಲಿಮೀಟರ್ ದಪ್ಪ ಇರುವುದರಿಂದ ಹೆಚ್ಚಿನ ಗಾಡಿಗಳ ಬುಟ್ಟಿಯಲ್ಲಿ (ಟ್ಯಾಂಕ್ ಒಳಗೆ ಪಂಪ್ ಕೂರುವ ಭಾಗ) ಸ್ವಲ್ಪ ಕೈಕೆಲಸಕ್ಕೆ ಕೂರುತ್ತದೆ. 3 ಬಾರ್‌ನಲ್ಲಿ 7-8 ಆಂಪ್ ಎಳೆಯುತ್ತದೆ. 300 ಎಚ್‌ಪಿವರೆಗೆ ಕಣ್ಣು ಮುಚ್ಚಿ ಇದನ್ನೇ ಹಾಕಿಸಿ.

ಮೂರನೆಯದು 320-340ರ ಗುಂಪು. ಎಇಎಂ 50-1000 ಗಂಟೆಗೆ 320 ಲೀಟರ್, ಡಿಡಬ್ಲ್ಯು 300 ಗಂಟೆಗೆ 340. ಬೂಸ್ಟ್ ಜಾಸ್ತಿ ಇಟ್ಟುಕೊಂಡು 300 ಎಚ್‌ಪಿ ದಾಟುವವರಿಗೆ, ಅಥವಾ ಮುಂದೆ ಎಥನಾಲ್ ಪಾಲು ಜಾಸ್ತಿ ಇರುವ ಇಂಧನಕ್ಕೆ ಹೋಗುವ ಯೋಚನೆ ಇರುವವರಿಗೆ ಇದು ಸರಿ. ಕೊಳ್ಳುವಾಗ ಒಂದು ಕಡೆ ಗಮನ ಇರಲಿ: ಎಇಎಂನಲ್ಲಿ 50-1000 ಪೆಟ್ರೋಲ್‌ಗೆ, ಎಥನಾಲ್‌ಗೆ ಅಂತಲೇ ಬೇರೆ ಇರುವುದು 50-1200. ಡಿಡಬ್ಲ್ಯು 300 ಎಥನಾಲ್ ತಾಳುತ್ತದೆ. ನಮ್ಮ ಬಂಕ್‌ನಲ್ಲಿ ಹೇಗೂ 20% ಎಥನಾಲ್ ಇರುವಾಗ ಎಥನಾಲ್ ತಾಳುವ ಪಂಪ್‌ಗೇ ನನ್ನ ಓಟು, ನಾಲ್ಕು ಕಾಸು ಜಾಸ್ತಿಯಾದರೂ.

ನಾಲ್ಕನೆಯದು 450. ವಾಲ್ಬ್ರೊ 267 ಮತ್ತು 274 ಅಂತ ಕರೆಯುವುದು ಇದನ್ನೇ. ಒಳ್ಳೆ ಪಂಪ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಳಭಾಗ 50 ಮಿಲಿಮೀಟರ್ ದಪ್ಪ, ಸಣ್ಣ ಗಾಡಿಯ ಬುಟ್ಟಿಗೆ ಇಳಿಯುವುದಿಲ್ಲ. ಒತ್ತಡ ಏರಿದಾಗ 15 ಆಂಪ್ ದಾಟುತ್ತದೆ, ಸ್ಟಾಕ್ ವೈರ್‌ಗೆ ಅದು ಆಗದ ಮಾತು. ಇನ್ನೂ ದೊಡ್ಡ ಸಮಸ್ಯೆ ಐಡಲ್‌ನಲ್ಲಿ. ಎಂಜಿನ್‌ಗೆ ಆಗ ಗಂಟೆಗೆ ಒಂದೆರಡು ಲೀಟರ್ ಸಾಕು, ಉಳಿದ ನಾನೂರು ಚಿಲ್ಲರೆ ಲೀಟರ್ ಎಲ್ಲಾ ಆ ಸಣ್ಣ ರೆಗ್ಯುಲೇಟರ್, ಆ ತೆಳ್ಳನೆ ರಿಟರ್ನ್ ಲೈನ್ ಮೂಲಕವೇ ವಾಪಸ್ ಬರಬೇಕು. ಬರಲಾರದೆ ರೈಲ್ ಒತ್ತಡ ತಾನಾಗಿ ಏರುತ್ತದೆ, ಗಾಡಿ ರಿಚ್ (ಪೆಟ್ರೋಲ್ ಹೆಚ್ಚಾಗಿ) ಓಡುತ್ತದೆ, ಪ್ಲಗ್ ಕರಿ ಆಗುತ್ತದೆ, ಮೈಲೇಜ್ ಬೀಳುತ್ತದೆ. ಸರಿ ಮಾಡಲು ದೊಡ್ಡ ರೆಗ್ಯುಲೇಟರ್, ದೊಡ್ಡ ಲೈನ್ ಅಂತ ಖರ್ಚು ಬೆಳೆಯುತ್ತಲೇ ಹೋಗುತ್ತದೆ. 400 ಎಚ್‌ಪಿ ಮೇಲಿನ ಗಾಡಿ ಇದ್ದರೆ ಹಾಕಿ. ಹೆಸರಿಗೆ ಬೇಕು ಅಂತಿದ್ದರೆ ಸ್ಟಿಕ್ಕರ್ ಅಗ್ಗಕ್ಕೆ ಸಿಗುತ್ತದೆ.

ಹಳೇ ಉಸ್ತಾದ್‌ಗಳು ಇನ್ನೂ ಬಾಷ್ 044 ಹೆಸರು ಹೇಳುತ್ತಾರೆ. ಅದು ಟ್ಯಾಂಕ್ ಹೊರಗೆ ಕೂರುವ ಇನ್‌ಲೈನ್ ಪಂಪ್, ಗಟ್ಟಿ ಪಂಪ್. ಆದರೆ ತಾನಾಗಿ ಪೆಟ್ರೋಲ್ ಎಳೆದುಕೊಳ್ಳುವುದರಲ್ಲಿ ಬಲು ಸೋಮಾರಿ. ಅದಕ್ಕೆ ಇನ್ನೊಂದು ಪಂಪ್‌ನಿಂದ ತುಂಬುವ ಸರ್ಜ್ ಟ್ಯಾಂಕ್ (ಸಣ್ಣ ಹೆಚ್ಚುವರಿ ಟ್ಯಾಂಕ್) ಬೇಕು. ಸದ್ದೂ ಜೋರು. ಟ್ರ್ಯಾಕ್ ಗಾಡಿಗೆ ಸರಿ, ಜೇವರ್ಗಿ ರೋಡ್‌ನಲ್ಲಿ ತರಕಾರಿ ತರಲು ಹೋಗುವ ಗಾಡಿಗೆ ಬೇಡ.

ನಕಲಿ ಬಗ್ಗೆ: ವಾಲ್ಬ್ರೊ ಹೆಸರಿನ ನಕಲಿ ಪಂಪ್ ಆನ್‌ಲೈನ್‌ನಲ್ಲಿ ರಾಶಿ ಇದೆ. ಅಸಲಿ ಬೆಲೆಯ ಕಾಲು ಭಾಗಕ್ಕೆ ಸಿಗುತ್ತಿದೆ ಅಂದರೆ ನೀವೇ ಅರ್ಥ ಮಾಡಿಕೊಳ್ಳಿ. ಡೀಲರ್ ಬಿಲ್ ಕೇಳಿ. ಪಂಪ್ ಬಾಡಿ ಮೇಲಿನ ಪಾರ್ಟ್ ನಂಬರ್ ಕೊರೆದಂತೆ ಸ್ಪಷ್ಟವಾಗಿರಬೇಕು, ಉಗುರಿನಿಂದ ಕೆರೆದರೆ ಬರುವ ಪ್ರಿಂಟ್ ಇರಬಾರದು.

ವೈರಿಂಗ್

ಸೇಡಂ ರೋಡ್ ಕಡೆ ಪರಿಚಯದವರ ಟಿ-ಜೆಟ್ ಒಂದಕ್ಕೆ 255 ಹಾಕಿಸಿದ್ದರು, ವೈರ್ ಕಂಪನಿಯದ್ದೇ. ಗಾಡಿ ನಾಲ್ಕು ಸಾವಿರ ಆರ್‌ಪಿಎಂ ದಾಟಿದರೆ ಕೆಮ್ಮುತ್ತಿತ್ತು. ಸೀಟ್ ಎತ್ತಿ ಕನೆಕ್ಟರ್ ಬಿಚ್ಚಿದರೆ ಪ್ಲಸ್ ಪಿನ್ ಸುತ್ತಲಿನ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಕರಗಿ, ಪಿನ್ ಒಂದು ಕಡೆ ವಾಲಿತ್ತು. ಮೀಟರ್ ಇಟ್ಟು ನೋಡಿದರೆ ಬ್ಯಾಟರಿಯಲ್ಲಿ 13.8 ವೋಲ್ಟ್, ಪಂಪ್ ಹತ್ತಿರ 12ಕ್ಕಿಂತ ಕೆಳಗೆ. ಪಂಪ್ ಬದಲಿಸಲು ಹೊರಟಿದ್ದರು, ವೈರ್ ಬದಲಿಸಿದ ಮೇಲೆ ಅದೇ ಪಂಪ್ ಸರಿಯಾಗಿ ಓಡಿತು.

ಹೊಲದ ಬೋರ್ ಮೋಟರ್‌ಗೆ ವೋಲ್ಟೇಜ್ ಇಳಿದಾಗ ಪೈಪ್‌ನಲ್ಲಿ ನೀರು ಸಣ್ಣಗಾಗುವುದನ್ನು ನೋಡಿದ್ದೀರಲ್ವಾ, ಇದೂ ಅದೇ. 13.5 ವೋಲ್ಟ್ ಸಿಗಬೇಕಾದ ಪಂಪ್‌ಗೆ 12 ಸಿಕ್ಕರೆ ಐದನೇ ಒಂದು ಭಾಗದ ಹತ್ತಿರ ಪೆಟ್ರೋಲ್ ಕಡಿಮೆ ಬರುತ್ತದೆ. ಅಂದರೆ ತೆಳ್ಳನೆ ವೈರ್‌ನ 340 ಪಂಪ್‌ಗಿಂತ ಸರಿಯಾದ ವೈರ್‌ನ 255 ಹೆಚ್ಚು ನಂಬಿಕೆಯದ್ದು.

ಮಾಡುವುದು ಇಷ್ಟು. ಬ್ಯಾಟರಿ ಪ್ಲಸ್‌ನಿಂದ ನೇರ ಹೊಸ ವೈರ್ ಎಳೆಯಿರಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲಿ. ಆ ವೈರ್ ರಿಲೇಯ 30ನೇ ಪಿನ್‌ಗೆ, 87ರಿಂದ ಪಂಪ್ ಪ್ಲಸ್‌ಗೆ. ಮೊದಲು ಪಂಪ್‌ಗೆ ಹೋಗುತ್ತಿದ್ದ ಕಂಪನಿ ಪ್ಲಸ್ ವೈರ್ 86ಕ್ಕೆ, 85 ಬಾಡಿ ಅರ್ತ್‌ಗೆ. ಹೀಗೆ ಮಾಡಿದರೆ ಪಂಪನ್ನು ಆನ್-ಆಫ್ ಮಾಡುವುದು ಇಸಿಯು ಕೈಯಲ್ಲೇ ಉಳಿಯುತ್ತದೆ. ಕೆಲವರು ಸುಲಭ ಅಂತ ಇಗ್ನಿಷನ್ ಕೀಗೆ ನೇರ ಕೊಟ್ಟುಬಿಡುತ್ತಾರೆ. ಅದು ಬೇಡವೇ ಬೇಡ. ಆಕ್ಸಿಡೆಂಟ್ ಆಗಿ ಎಂಜಿನ್ ನಿಂತರೂ ಪಂಪ್ ಮಾತ್ರ ಹರಿದ ಪೈಪ್‌ನಿಂದ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ.

255ಕ್ಕೆ 2.5 ಸ್ಕ್ವೇರ್ ಎಂಎಂ ವೈರ್, 15 ಆಂಪ್ ಫ್ಯೂಸ್. 450ಕ್ಕೆ ಕನಿಷ್ಠ 4 ಸ್ಕ್ವೇರ್ ಎಂಎಂ, ಫ್ಯೂಸ್ 25ರಿಂದ 30. ಅರ್ತ್ ಕೂಡ ಅಷ್ಟೇ ದಪ್ಪ, ಪೇಂಟ್ ಕೆರೆದ ಬರಿ ಲೋಹಕ್ಕೆ ಬೋಲ್ಟ್. ಕಲಬುರಗಿಯ ಸೂಪರ್ ಮಾರ್ಕೆಟ್ ಏರಿಯಾದ ಅಂಗಡಿಗಳಲ್ಲಿ ಮನೆ ವೈರಿಂಗ್‌ನ ಕೇಬಲ್ ಕೊಟ್ಟು ಕಳಿಸುತ್ತಾರೆ, ಒಪ್ಪಬೇಡಿ. ಗಾಡಿಗೆ ಅಂತಲೇ ಬರುವ, ಬಿಸಿ ತಾಳುವ ವೈರ್ ಕೇಳಿ. ಟ್ಯಾಂಕ್ ಒಳಗಿನ ತುಂಡಿಗೆ ಪೆಟ್ರೋಲ್‌ನಲ್ಲಿ ಕರಗದ ಇನ್ಸುಲೇಷನ್ ಇರುವ ವೈರ್, ಪಂಪ್ ಜೊತೆ ಡಬ್ಬಿಯಲ್ಲಿ ಬಂದದ್ದನ್ನೇ ಬಳಸಿ.

ಕೂರಿಸುವಾಗ

ಟ್ಯಾಂಕ್ ಕಾಲು ಭಾಗಕ್ಕಿಂತ ಕಡಿಮೆ ಇರಲಿ. ಬಯಲಲ್ಲಿ ಅಥವಾ ಶಟರ್ ಪೂರ್ತಿ ತೆರೆದು ಕೆಲಸ ಮಾಡಿ, ಬೇಸಿಗೆಯಲ್ಲಾದರೆ ಬೆಳಗ್ಗೆಯೇ. 42 ಡಿಗ್ರಿ ದಾಟುವ ನಮ್ಮ ಮೇ ತಿಂಗಳ ಮಧ್ಯಾಹ್ನ ಟ್ಯಾಂಕ್ ತೆರೆದರೆ ಪೆಟ್ರೋಲ್ ಆವಿ ಸುತ್ತಲೂ ತುಂಬಿಕೊಳ್ಳುತ್ತದೆ. ಬೀಡಿ, ಸಿಗರೇಟು ಸೇದುವವರನ್ನು ಚಹಾ ಅಂಗಡಿಗೆ ಕಳಿಸಿ. ಬೆಂಕಿ ಆರಿಸುವ ಪುಡಿಯ ಡಿಸಿಪಿ ಸಿಲಿಂಡರ್ ಕೈಗೆಟುಕುವ ಹಾಗೆ ಇಟ್ಟುಕೊಳ್ಳಿ.

ಪಂಪ್ ಫ್ಯೂಸ್ ತೆಗೆದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಲೈನ್ ಒತ್ತಡ ಇಳಿಯುತ್ತದೆ. ಆಮೇಲೆ ಬ್ಯಾಟರಿ ಮೈನಸ್ ಬಿಚ್ಚಿ. ಹಿಂದಿನ ಸೀಟ್ ಎತ್ತಿ ಮುಚ್ಚಳ ತೆಗೆದರೆ ಸೇಡಂ, ಚಿತ್ತಾಪುರ, ವಾಡಿ ಕಡೆ ಓಡಾಡುವ ಗಾಡಿಗಳಲ್ಲಿ ಟ್ಯಾಂಕ್ ತಲೆ ಮೇಲೆ ಬಿಳಿ ಸಿಮೆಂಟ್ ಧೂಳು ಗಟ್ಟಿಯಾಗಿ ಕೂತಿರುತ್ತದೆ. ರಿಂಗ್ ಮುಟ್ಟುವ ಮೊದಲು ಬ್ರಷ್, ವ್ಯಾಕ್ಯೂಮ್ ಹಾಕಿ ಪೂರ್ತಿ ತೆಗೆಯಿರಿ. ಆ ಧೂಳು ಟ್ಯಾಂಕ್‌ಗೆ ಬಿದ್ದರೆ ಹೊಸ ಜಾಲಿ ಬೇಗನೆ ಕಟ್ಟಿಕೊಳ್ಳುತ್ತದೆ. ಲಾಕ್ ರಿಂಗ್ ತಿರುಗಿಸಲು ಹಿತ್ತಾಳೆ ಅಥವಾ ಕಟ್ಟಿಗೆ ತುಂಡು. ಕಬ್ಬಿಣದ ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಿಂದ ಹೊಡೆಯುವವರನ್ನು ಕಂಡರೆ ಗಾಡಿ ವಾಪಸ್ ತಗೊಂಡು ಬನ್ನಿ, ಒಂದು ಕಿಡಿ ಸಾಕು. ಬುಟ್ಟಿ ಎತ್ತುವಾಗ ಓರೆ ಮಾಡಿ ಎತ್ತಿ, ಫ್ಲೋಟ್ ಕಡ್ಡಿ ಬಾಗಿದರೆ ಆಮೇಲೆ ಗೇಜ್ ಸುಳ್ಳು ಹೇಳುತ್ತದೆ.

ಟ್ಯಾಂಕ್ ಒಳಗಿನ ಹೋಸ್ ಬಗ್ಗೆ ಒಂದು ಮಾತು, ಇದು ತುಂಬ ಮುಖ್ಯ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಪೆಟ್ರೋಲ್ ಪೈಪ್‌ನ ಹೊರಮೈ ಪೆಟ್ರೋಲ್‌ನಲ್ಲಿ ಮುಳುಗಿರಲು ಮಾಡಿದ್ದಲ್ಲ. ಉಬ್ಬುತ್ತದೆ, ಮೆತ್ತಗಾಗುತ್ತದೆ, ಕೊನೆಗೆ ಬಿರಿಯುತ್ತದೆ. ಟ್ಯಾಂಕ್ ಒಳಗೇ ಸೋರುವುದರಿಂದ ಹೊರಗೆ ಒಂದು ಹನಿಯೂ ಕಾಣಿಸುವುದಿಲ್ಲ, ಒತ್ತಡ ಮಾತ್ರ ಬರುವುದಿಲ್ಲ, ಎಲ್ಲರೂ ಪಂಪನ್ನು ಬೈಯುತ್ತಾರೆ. ಮೇಲೆ 30ಆರ್10 ಅಂತ ಗುರುತು ಇರುವ ಮುಳುಗುವ ಹೋಸೇ ಬೇಕು. 30ಆರ್7, 30ಆರ್9 ಟ್ಯಾಂಕ್ ಹೊರಗಷ್ಟೇ. ಕ್ಲಾಂಪ್ ಇಂಜೆಕ್ಷನ್ ಥರದ್ದು, ಹೋಸ್ ಕೊಯ್ಯುವ ಹಲ್ಲಿನದ್ದಲ್ಲ.

ಜಾಲಿ ಹೊಸದು, ಒ-ರಿಂಗ್ ಹೊಸದು. ಪ್ಲಸ್, ಮೈನಸ್ ಎರಡು ಸಲ ನೋಡಿ, ಉಲ್ಟಾ ಆದರೆ ಪಂಪ್ ಹಿಂದಕ್ಕೆ ತಿರುಗುತ್ತದೆ. ಎಲ್ಲಾ ಕೂರಿಸಿದ ಮೇಲೆ ಸೀಟ್ ಮುಚ್ಚುವ ಮೊದಲೇ ಕೀ ಮೂರ್ನಾಲ್ಕು ಸಲ ಆನ್-ಆಫ್ ಮಾಡಿ ಲೈನ್ ತುಂಬಿಸಿ, ಬೆರಳಿನಿಂದ ಜಾಯಿಂಟ್ ಮುಟ್ಟಿ ನೋಡಿ.

ಪಂಪ್ ನಿಜವಾಗಿ ಎಷ್ಟು ಕೊಡುತ್ತದೆ ಅಂತ ನೋಡಬೇಕಾ? ರಿಟರ್ನ್ ಲೈನನ್ನು ಅಳತೆ ಇರುವ ಕ್ಯಾನ್‌ಗೆ ಬಿಟ್ಟು, ಎಂಜಿನ್ ಆಫ್ ಇಟ್ಟು, ಪಂಪ್ ಮಾತ್ರ 30 ಸೆಕೆಂಡ್ ಓಡಿಸಿ, ಬಂದದ್ದನ್ನು 120ರಿಂದ ಗುಣಿಸಿ. 1.6 ಲೀಟರ್ ಬಂದರೆ ಗಂಟೆಗೆ 192. ಎಂಜಿನ್ ಆಫ್ ಇರುವಾಗ ವೋಲ್ಟೇಜ್ ಕಡಿಮೆ, ಹಾಗಾಗಿ ಡಬ್ಬಿ ಅಂಕಿಗಿಂತ ಕಡಿಮೆ ಬಂದರೆ ಗಾಬರಿ ಬೇಡ. ಮುಖ್ಯ ಪರೀಕ್ಷೆ ಲೋಡ್‌ನಲ್ಲಿ: ಬೂಸ್ಟ್ ಎಷ್ಟು ಏರುತ್ತದೋ ಗೇಜ್‌ನ ಒತ್ತಡವೂ ಅಷ್ಟೇ ಏರಬೇಕು, ವೈಡ್‌ಬ್ಯಾಂಡ್‌ನಲ್ಲಿ (ಎಕ್ಸಾಸ್ಟ್‌ನಲ್ಲಿ ಗಾಳಿ-ಪೆಟ್ರೋಲ್ ಅನುಪಾತ ಅಳೆಯುವ ಸೆನ್ಸರ್) ಆ ಅನುಪಾತ 12ರ ಕೆಳಗೆ ಇರಬೇಕು. ಮೇಲಿನ ಆರ್‌ಪಿಎಂನಲ್ಲಿ ಒತ್ತಡ ಇಳಿಯಲು ಶುರುವಾದರೆ ಕೂಡಲೇ ಕಾಲು ತೆಗೆಯಿರಿ, ಮತ್ತೊಮ್ಮೆ ಟೆಸ್ಟ್ ಬೇಡ.

ಕಾಗದದ ಮಾತು ಚುಟುಕಾಗಿ: ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಕಂಪನಿ ಹೇಳಿದ ಮೂಲ ವಿವರ ಬದಲಾಗುವ ಹಾಗೆ ಗಾಡಿ ಮಾರ್ಪಾಡು ಮಾಡುವಂತಿಲ್ಲ. ಕೆಎ-32 ಇರಲಿ, 33 ಇರಲಿ, 38 ಇರಲಿ, ಟರ್ಬೊ ಕಿಟ್ ಹಾಕಿದವರು ಆರ್‌ಟಿಒ ಮತ್ತು ಇನ್ಶೂರೆನ್ಸ್ ಕಡೆ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಹಾಕಿಸಿದ ಮೇಲೆ ಬೇಸಿಗೆಯಲ್ಲಿ ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. ಪಂಪ್ ತಣ್ಣಗಿರುವುದು ಸುತ್ತಲಿನ ಪೆಟ್ರೋಲ್‌ನಿಂದ, ಮತ್ತು ದೊಡ್ಡ ಪಂಪ್ ಅದೇ ನಾಲ್ಕೈದು ಲೀಟರನ್ನು ಎಂಜಿನ್ ಬಿಸಿಗೆ ಕಳಿಸಿ ವಾಪಸ್ ತಂದು ಇನ್ನಷ್ಟು ಬಿಸಿ ಮಾಡುತ್ತದೆ. ಬಿಸಿ ಪೆಟ್ರೋಲ್‌ನಲ್ಲಿ ಗುಳ್ಳೆ ಎದ್ದರೆ ಪಂಪ್ ಕಿರುಚುತ್ತದೆ, ಒತ್ತಡ ಬೀಳುತ್ತದೆ. ಹಳೆ ಟ್ಯಾಂಕ್ ಆಗಿದ್ದರೆ ಇ20 ಒಳಗಿನ ಹಳೇ ಕೊಳೆಯನ್ನೆಲ್ಲ ಎಬ್ಬಿಸುತ್ತದೆ, ಅದಕ್ಕೇ ಮೊದಲ ಒಂದೆರಡು ಟ್ಯಾಂಕ್ ಓಡಿದ ಮೇಲೆ ಹೊರಗಿನ ಫಿಲ್ಟರ್ ಬದಲಿಸಿ, ಆಗಲೇ ಸೀಟ್ ಎತ್ತಿ ಕನೆಕ್ಟರ್ ಬಿಸಿ ಇದೆಯಾ ಅಂತ ಕೈಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಸುಡುತ್ತಿದ್ದರೆ ಪಿನ್ ಸಡಿಲ ಇದೆ, ಅವತ್ತೇ ಬಿಗಿ ಮಾಡಿಸಿ.